ಪಟ್ಟಿ ಹರಿದು ಜೋಡಿಸುವ ಕೆಲಸ: ಇಳಕಲ್ ಸೀರೆ, ಖಣ, ಕೌದಿ

ಅವ್ವ ಉಟ್ಟು ಬಿಟ್ಟ ಹತ್ತಿಯ ಇಳಕಲ್ ಸೀರೆಯೊಂದು ನನ್ನ ಹತ್ತಿರ ಇದೆ. ಕಡುನೀಲಿ ಒಡಲು, ಕೆಂಪು ದಡಿ. ಮಡಚಿಟ್ಟಾಗ ಎಲ್ಲವೂ ಒಂದೇ ನೀಲಿ. ಅಡ್ಡಲಾಗಿ ಹರಿದು ಪಟ್ಟಿ ಮಾಡಿ, ಪಟ್ಟಿಗಳನ್ನು ಮಂಚದ ಮೇಲೆ ಸಾಲಾಗಿ ಹಾಸಿದಾಗ ಅದರೊಳಗೆ ಎಷ್ಟೋ ನೀಲಿಗಳಿರುವುದು ಕಾಣಿಸಿತು. ಸೊಂಟದಲ್ಲಿ ಸಿಕ್ಕಿಸುವ ತುದಿಯಲ್ಲಿ ಬಣ್ಣ ಈಗಲೂ ಹೊಸದರಂತಿದೆ. ನಿರಿಗೆಯ ಮಡಿಕೆ ಬರುವ ಕಡೆ ಬೂದಿ ಬಡಿದಿದೆ. ಹೆಗಲ ಹತ್ತಿರದ್ದು ಬಿಸಿಲು ತಿಂದು ತಿಳಿಯಾಗಿದೆ.

ಸ್ಟ್ರಿಪ್ ಪೀಸಿಂಗ್, ಅಂದರೆ ಪಟ್ಟಿ ಜೋಡಿಸಿ ಹೊಲಿಯುವ ಕೆಲಸ ಕಲಿಸುವವರು ಸಾಮಾನ್ಯವಾಗಿ ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನೇ ಹಿಡಿದು ಕಲಿಸುತ್ತಾರೆ. ಆ ಕೆಲಸಕ್ಕೆ ಹಳೆ ಸೀರೆ ಹೊಸ ಬಟ್ಟೆಗಿಂತ ಹೆಚ್ಚು ಒಪ್ಪುತ್ತದೆ ಎಂದು ನನಗೆ ಈಗ ಗಟ್ಟಿಯಾಗಿ ಅನಿಸಿದೆ. ಯಾಕೆ ಅಂತ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಲೆಕ್ಕ. ಕ್ವಿಲ್ಟಿನ, ಅಂದರೆ ಪದರ ಸೇರಿಸಿ ಹೊಲಿದ ಹೊದಿಕೆಯ, ಮೇಲ್ಪದರಕ್ಕೆ ಚಿಕ್ಕ ಚಿಕ್ಕ ಚೌಕಗಳು ಬೇಕು. ಒಂದೊಂದಾಗಿ ಕತ್ತರಿಸಿ ಜೋಡಿಸುತ್ತ ಕೂತರೆ ಕಣ್ಣೂ ಸೋಲುತ್ತದೆ, ಅಳತೆಯೂ ಹಾದಿ ಬಿಡುತ್ತದೆ. ಅದರ ಬದಲು ಉದ್ದ ಪಟ್ಟಿಗಳನ್ನು ಮೊದಲು ಹೊಲಿದುಕೊಳ್ಳಬೇಕು, ಆಮೇಲೆ ಅಡ್ಡಲಾಗಿ ಕತ್ತರಿಸಬೇಕು. ಒಂಬತ್ತು ಚೌಕದ ಬ್ಲಾಕನ್ನೇ ತಗೊಳ್ಳಿ. ಎರಡೂವರೆ ಇಂಚು ಅಗಲ, 42 ಇಂಚು ಉದ್ದದ ಪಟ್ಟಿಗಳು: ಕಡುಬಣ್ಣದವು 5, ತಿಳಿಬಣ್ಣದವು 4. ಕಡು-ತಿಳಿ-ಕಡು ಎಂದು ಎರಡು ಜೋಡಣೆ, ತಿಳಿ-ಕಡು-ತಿಳಿ ಎಂದು ಒಂದು. ಕಾಲು ಇಂಚು ಒಳಗೆ ಹೊಲಿದರೆ ಪ್ರತಿ ಜೋಡಣೆಯೂ ಆರೂವರೆ ಇಂಚು ಅಗಲ ಬರುತ್ತದೆ. ಅವನ್ನು ಎರಡೂವರೆ ಇಂಚಿಗೊಂದರಂತೆ ಅಡ್ಡ ಕತ್ತರಿಸಿದರೆ ಒಂದೊಂದರಲ್ಲೂ 16 ತುಂಡು. ಮೂರು ಮೂರು ತುಂಡು ಸೇರಿಸಿದರೆ 16 ಬ್ಲಾಕ್. ಅಂದರೆ ಬರೀ 9 ಪಟ್ಟಿಯಿಂದ 144 ಚೌಕಗಳು, ಒಂದನ್ನೂ ಬಿಡಿಯಾಗಿ ಮುಟ್ಟದೆ! ಈ ಲೆಕ್ಕ ಮೊದಲ ಸಲ ಹೊಳೆದಾಗ ನನಗಾದ ಖುಷಿ ಇನ್ನೂ ಕಮ್ಮಿಯಾಗಿಲ್ಲ.

ಈ ಯುಕ್ತಿ ಅಮೆರಿಕದ ಹೊಲಿಗೆಯಲ್ಲಿ ಬೆಳೆದದ್ದು. ಫ್ಲೋರಿಡಾದ ಸೆಮಿನೋಲ್ ಜನಾಂಗದ ಹೆಂಗಸರು 20ನೇ ಶತಮಾನದ ಮೊದಲ ದಶಕಗಳಲ್ಲೇ ಹೊಲಿಗೆ ಮಷೀನಿನಲ್ಲಿ ಪಟ್ಟಿ ಜೋಡಿಸಿ, ಕತ್ತರಿಸಿ, ತುಂಡುಗಳನ್ನು ಒಂದಿಷ್ಟು ಜರುಗಿಸಿ ಮತ್ತೆ ಹೊಲಿದು ಅಂಗಿ-ಲಂಗಗಳಿಗೆ ಬಣ್ಣದ ಸಾಲು ಕೂಡಿಸುತ್ತಿದ್ದರು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ರೋಟರಿ ಕಟರ್ ತಂದ ಮೇಲೆ ಕ್ವಿಲ್ಟ್ ಮಾಡುವವರಲ್ಲಿ ಪಟ್ಟಿ ಕೆಲಸ ಬಹಳ ಹಬ್ಬಿತು. ನನ್ನ ಹತ್ತಿರವೂ ಆ ಚಕ್ರದ ಕಟರ್ ಇದೆ. ಅಡ್ಡ ಕತ್ತರಿಸುವಾಗ ಅದಕ್ಕೆ ಸಮ ಇಲ್ಲ. ಸೀರೆಯಿಂದ ಪಟ್ಟಿ ತೆಗೆಯುವಾಗ ಮಾತ್ರ ನಾನು ಹರಿಯುತ್ತೇನೆ.

ಕಾರಣ ಇದೆ. ವರ್ಷಗಟ್ಟಲೆ ಉಟ್ಟು, ಹಿಂಡಿ, ಒಣಹಾಕಿದ ಸೀರೆ ಒಂದು ಕಡೆ ಎಳೆದುಕೊಂಡಿರುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಕತ್ತರಿಸಿದರೆ ಗೆರೆ ನೇರ ಇರುತ್ತದೆ, ಎಳೆ ಓರೆ ಇರುತ್ತದೆ. ಆ ಪಟ್ಟಿ ತೊಳೆದ ಮೇಲೆ ತಿರುಚಿಕೊಳ್ಳುತ್ತದೆ. ಅಂಚಿನಲ್ಲಿ ಸಣ್ಣಗೆ ಕತ್ರಿ ತಾಗಿಸಿ ಹರಿದರೆ ಬಟ್ಟೆ ತನ್ನ ಎಳೆಯ ಗುಂಟವೇ ಹರಿಯುತ್ತದೆ. ಹರಿದ ಅಂಚು ಸ್ವಲ್ಪ ಸುಕ್ಕಾಗಿ ಎಳೆ ಬಿಡುವುದರಿಂದ ಎರಡೂಮುಕ್ಕಾಲು ಇಂಚಿಗೆ ಹರಿದು, ಇಸ್ತ್ರಿ ಮಾಡಿ, ಎರಡೂವರೆಗೆ ಸವರಿಕೊಳ್ಳುತ್ತೇನೆ. ದಡಿ ಬಿಟ್ಟ ಮೇಲೆ ಸೀರೆಯಲ್ಲಿ 42 ಇಂಚು ಉದ್ದ ಸಿಗುವುದಿಲ್ಲ, 36 ಹಿಡಿದು ಲೆಕ್ಕ ಹಾಕಿದರೆ ಪಟ್ಟಿಗೆ 14 ತುಂಡು.

ಹೀಗೆ ಅಡ್ಡಲಾಗಿ ಹರಿದ ಪಟ್ಟಿಯಲ್ಲಿ ಉದ್ದಕ್ಕೂ ಇರುವುದು ಹೊಕ್ಕಿನ ಎಳೆ, ಅಂದರೆ ದಡಿಯಿಂದ ದಡಿಗೆ ಹಾಯುವ ಎಳೆ. ಸೀರೆಯ ಉದ್ದಕ್ಕೆ ಓಡುವ ಹಾಸಿನ ಎಳೆಗಿಂತ ಅದು ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಗಂಜಿ ಬೇಕೇ ಬೇಕು. ಅನ್ನದ ಗಂಜಿಯನ್ನು ಸೋಸಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಸೀರೆಯನ್ನು ಅದ್ದಿ ನೆರಳಲ್ಲಿ ಒಣಗಿಸಿ, ಇನ್ನೂ ಕೊಂಚ ಹಸಿ ಇರುವಾಗಲೇ ಇಸ್ತ್ರಿ. ಆಗ ಸವೆದ ಬಟ್ಟೆಯೂ ಕಾಗದದಂತೆ ನಿಲ್ಲುತ್ತದೆ. ಕೆಲಸ ಮುಗಿದ ಕೂಡಲೇ ತೊಳೆದುಬಿಡಿ. ಗಂಜಿ ಉಳಿದರೆ ಹುಳ ಬರುತ್ತವೆ.

ಮಷೀನಿನ ಮಾತು ಎರಡೇ ಮೂರು. ನನ್ನದು ಕಾಲಲ್ಲಿ ತುಳಿಯುವ ಮಷೀನು. ಅದರ ಹಲ್ಲು ಕೆಳಗಿನ ಪದರವನ್ನು ಮೇಲಿನದಕ್ಕಿಂತ ಬೇಗ ಎಳೆಯುತ್ತದೆ. ಎಲ್ಲ ಪಟ್ಟಿಗಳನ್ನೂ ಒಂದೇ ತುದಿಯಿಂದ ಹೊಲಿಯುತ್ತ ಹೋದರೆ ಇಡೀ ಜೋಡಣೆ ಬಿಲ್ಲಿನ ಹಾಗೆ ಬಾಗುತ್ತದೆ. ಒಂದು ಹೊಲಿಗೆ ಈ ತುದಿಯಿಂದ, ಮುಂದಿನದು ಆ ತುದಿಯಿಂದ ಹಾಕಿದರೆ ನೆಟ್ಟಗಿರುತ್ತದೆ. ಅಡ್ಡ ಕತ್ತರಿಸಿದಾಗ ಹೊಲಿಗೆಯ ತುದಿಗೆ ಗಂಟು ಇರುವುದಿಲ್ಲ, ಆದ್ದರಿಂದ ಇಂಚಿಗೆ 12 ಹೊಲಿಗೆಯಾದರೂ ಬೀಳಬೇಕು. ಉದ್ದ ಹೊಲಿಗೆಯಾದರೆ ತುಂಡು ಕೈಯಲ್ಲೇ ಬಿಚ್ಚುತ್ತದೆ. ಕಾಲು ಇಂಚು ಸರಿಯಿದೆಯೇ ಎಂದು ನೋಡಲು ಒಂದೂವರೆ ಇಂಚಿನ ಮೂರು ಚೂರು ಹೊಲಿದು ನಡುವಿನದನ್ನು ಅಳೆಯಿರಿ, ಅದು ಸರಿಯಾಗಿ ಒಂದು ಇಂಚು ಇರಬೇಕು. ಇಸ್ತ್ರಿ ಮಾಡುವಾಗ ಒಳಗಿನ ಅಂಚನ್ನು ಕಡುಬಣ್ಣದ ಕಡೆ ಮಗುಚಿದರೆ, ಮುಂದೆ ತುಂಡುಗಳು ಎದುರುಬದುರಾದಾಗ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ತಾನಾಗಿ ಕೂಡುತ್ತದೆ, ಮೂಲೆಗಳು ಬೆರಳಿಗೇ ಗೊತ್ತಾಗುತ್ತವೆ.

ಈಗ ಸೀರೆಯ ನೀಲಿಗೆ ಬರುತ್ತೇನೆ, ನನ್ನ ಜೀವ ಇರುವುದು ಅಲ್ಲೇ. ಬಾರ್ಜೆಲ್ಲೋ ಅನ್ನುವ ವಿಧಾನ ಒಂದಿದೆ. ಪಟ್ಟಿಗಳನ್ನು ಕಡುವಿನಿಂದ ತಿಳಿಗೆ ಹೊಂದಿಸಿ ಹೊಲಿದು, ಮೊದಲನೆಯದನ್ನೂ ಕೊನೆಯದನ್ನೂ ಸೇರಿಸಿ ಕೊಳವೆ ಮಾಡುತ್ತಾರೆ. ಆ ಕೊಳವೆಯನ್ನು ಅಡ್ಡ ಕತ್ತರಿಸಿದರೆ ಬಟ್ಟೆಯ ಬಳೆಗಳು ಸಿಗುತ್ತವೆ. ಪ್ರತಿ ಬಳೆಯನ್ನೂ ಹಿಂದಿನದಕ್ಕಿಂತ ಒಂದು ಹೊಲಿಗೆ ಕೆಳಗೆ ಬಿಚ್ಚಿ ಪಕ್ಕಪಕ್ಕ ಜೋಡಿಸುತ್ತ ಹೋದರೆ ಬಣ್ಣ ಮೆಟ್ಟಿಲು ಹತ್ತುತ್ತದೆ. ಒಂದೊಂದು ಹೊಲಿಗೆ ಮೇಲೆ ಬಿಚ್ಚುತ್ತ ಬಂದರೆ ಇಳಿಯುತ್ತದೆ. ಬಳೆ ಅಗಲವಿದ್ದರೆ ಏರು ನಿಧಾನ, ಕಿರಿದಾದರೆ ಕಡಿದು. ಎಂಟು ಪಟ್ಟಿಯ ಕೊಳವೆಯಿಂದ ಬಿಚ್ಚಿದ ಬಳೆ ಹೊಲಿಗೆ ಕಳೆದು 16 ಇಂಚು ಉದ್ದ ಬರುತ್ತದೆ.

ಇದಕ್ಕೆ ಅಂಗಡಿಯಲ್ಲಿ ಎಂಟು ನೀಲಿ ಆರಿಸಿ ತರುವುದು ಎಲ್ಲರೂ ಮಾಡುವ ಕೆಲಸ. ನಾನು ಎಂಟನ್ನೂ ಅವ್ವನ ಆ ಒಂದೇ ಸೀರೆಯಿಂದ ತೆಗೆದೆ. ಅಂಗಡಿಯ ನೀಲಿಗಳು ಒಂದರ ಪಕ್ಕ ಒಂದು ನಿಂತು ತಮ್ಮ ಗಡಿ ತೋರಿಸುತ್ತವೆ. ಈ ಸೀರೆಯ ನೀಲಿಗಳಿಗೆ ನೇಯ್ಗೆ ಒಂದೇ, ಎಳೆಯ ದಪ್ಪ ಒಂದೇ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಹತ್ತಿರದಿಂದ ನೋಡಿದರೂ ಹುಡುಕಬೇಕು. ಆ ಅಲೆ ಹುಟ್ಟಿದ್ದು ಅವ್ವ ಸೀರೆ ಉಟ್ಟು ತಿರುಗಿದ್ದರಿಂದ. ಇದನ್ನು ಯಾವ ಬಣ್ಣದವನೂ ಅದ್ದಿ ಕೊಡಲಾರ.

ಇನ್ನೊಂದು ಲಾಭವೂ ಇದೆ. ಸೀರೆಯ ಸವೆದ ಭಾಗ ಇಡಿಯಾಗಿ ಒಂದೇ ಕಡೆ ಬಿದ್ದರೆ ಅಲ್ಲೇ ಪಿಸಿಯುತ್ತದೆ. ಪಟ್ಟಿ ಮಾಡಿ ಹಂಚಿದಾಗ ಸವೆದ ಚೌಕದ ಎಡಬಲಕ್ಕೂ ಗಟ್ಟಿ ಚೌಕ ಬರುತ್ತದೆ, ಎಳೆತವನ್ನು ಅವು ಹೊರುತ್ತವೆ.

ನಮ್ಮ ಅತ್ತೆ ಇದನ್ನು ಪೂರ್ತಿ ಒಪ್ಪಿಲ್ಲ. ಅವರು ಕೌದಿ ಹೊಲಿಯುವವರು. ಕೆಳಗೊಂದು ಹಳೆ ಸೀರೆ ಹಾಸಿ, ಮೇಲೆ ತುಂಡುಗಳನ್ನು ಇದ್ದ ಆಕಾರದಲ್ಲೇ ಇಟ್ಟು, ಹೊರ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತ ಬರುತ್ತಾರೆ. ತುಂಡು ಕೂಡಿಸುವುದೂ ಪದರ ಬಿಗಿಯುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಮಾಡುವ ಕೌದಿಯೂ ಅಂಚಿನಿಂದ ನಡುವಿಗೇ ಸಾಗುವಂಥದ್ದು; ಮೂಲೆಗೆ ತ್ರಿಕೋನದ ಮಡಿಕೆಯ ಹೂವು ಕೂಡಿಸದೆ ಅವರು ಅದನ್ನು ಮುಗಿಯಿತು ಅನ್ನುವುದಿಲ್ಲ.

“ಗಟ್ಟಿ ಇದ್ದ ಅರಿವಿ ಯಾಕ ಕತ್ತರಸ್ತಿ? ಹೆಂಗದನೋ ಹಂಗ ಹಚ್ಚಬೇಕು” ಅಂದರು ಅತ್ತೆ.

“ಸವದ ಕಡೆ ಎರಡೂ ಬಾಜೂಕ ಗಟ್ಟಿ ಬರ್ತದ ನೋಡ್ರಿ ಅತ್ತಿ” ಅಂದೆ.

ಅವರು ಒಂಬತ್ತು ಚೌಕದ ಬ್ಲಾಕ್ ತಗೊಂಡು ಮಗುಚಿ, ಹೊಲಿಗೆಗಳು ಕೂಡುವ ಮೂಲೆಯನ್ನು ಹೆಬ್ಬೆರಳಲ್ಲಿ ತಿಕ್ಕಿದರು. “ಇಲ್ಲಿ ಸೂಜಿ ಹೋಗಂಗಿಲ್ಲ.”

ಅದು ನಿಜ, ಮತ್ತು ನನ್ನ ಎಲ್ಲ ಲೆಕ್ಕಕ್ಕಿಂತ ದೊಡ್ಡ ಮಾತು. ಕೂಡುವ ಕಡೆ ಬಟ್ಟೆಯ ಪದರ ಒಂದರ ಮೇಲೊಂದು ಏರಿರುತ್ತದೆ. ಮಷೀನು ಅದನ್ನು ದಾಟುತ್ತದೆ, ಕೈ ಹೊಲಿಗೆ ದಾಟುವುದಿಲ್ಲ. ಈಗ ನಾವಿಬ್ಬರೂ ಸೇರಿ ಮಾಡುತ್ತಿರುವ ಹಾಸಿಗೆಯಲ್ಲಿ ನೀಲಿಯ ಅಲೆಗಳು ನಾಲ್ಕೂ ಕಡೆ ಅಂಚಿಗೆ ಬಂದಿವೆ, ಅಲ್ಲಿ ಮಷೀನಿನ ಹೊಲಿಗೆ. ನಡುವಿನದು ಅತ್ತೆಯ ಕೌದಿ, ಇಡಿ ತುಂಡುಗಳು, ಬಿಳಿ ದಾರದ ಕೈ ಸಾಲುಗಳು. ಅವರ ಸಾಲು ನನ್ನ ಪಟ್ಟಿಯ ಹತ್ತಿರ ಬಂದಾಗ ಹೊಲಿಗೆಯ ಉಬ್ಬಿನಿಂದ ಕಾಲು ಇಂಚು ಸರಿದು ಹಾಯುತ್ತದೆ. ನೋಡಲು ಚಂದವೂ ಇದೆ, ಬಾಳಿಕೆಯೂ ಬರುತ್ತದೆ ಎಂದು ನಂಬಿದ್ದೇನೆ.

ಪಟ್ಟಿಗೆ ಗುಳೇದಗುಡ್ಡದ ಖಣ, ಅಂದರೆ ಕುಬಸದ ಅರಿವೆ, ಹಾಕುವವರಿಗೆ ಒಂದು ಸೂಚನೆ. ಖಣದ ಬುಟ್ಟಿಗಳು, ಅಂದರೆ ಚಿಕ್ಕ ಚಿಕ್ಕ ಚಿತ್ತಾರಗಳು, ಹೆಚ್ಚಿನ ಹಾಸಿನ ಎಳೆಯಿಂದ ಮೂಡುವಂಥವು. ಕತ್ತರಿಸಿದಲ್ಲಿ ಆ ಎಳೆ ಬಿಟ್ಟುಕೊಳ್ಳುತ್ತದೆ. ಕಾಲು ಇಂಚು ಸಾಲದು, ಮೂರು ನೂಲು ಬಿಡಿ, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲು. ಪಟ್ಟಿಯನ್ನೂ ಅಡ್ಡ ತುಂಡನ್ನೂ ಎರಡೂಮುಕ್ಕಾಲಿಗೆ ಹಿಡಿದರೆ ಬ್ಲಾಕು ಆರೂಮುಕ್ಕಾಲು ಬಂದು, ಕೊನೆಗೆ ಹೊಲಿಗೆ ಕಳೆದು 6 ಇಂಚಿಗೇ ಕೂಡುತ್ತದೆ.

ಸೀರೆಯ ಸೆರಗು ಇನ್ನೂ ಮುಟ್ಟಿಲ್ಲ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಮಗ್ಗದಲ್ಲೇ ಸೇರಿಸಿರುತ್ತಾರೆ. ಅವ್ವನ ಸೀರೆಗೆ ಒಡಲು ಹತ್ತಿ, ಸೆರಗು ರೇಷ್ಮೆ. ಆ ಸೆರಗಿನ ಟೋಪ ತೆನಿ ಚಿತ್ತಾರದ ಕೆಂಪು-ಬಿಳಿಯನ್ನು ಸೆಮಿನೋಲ್ ರೀತಿ ಜರುಗಿಸಿ ಹೊಲಿಯುವ ಆಸೆ ಇದೆ. ಹತ್ತಿ, ರೇಷ್ಮೆ ಎರಡನ್ನೂ ಒಂದೇ ಜೋಡಣೆಗೆ ಹಾಕಿ, ನಾಲ್ಕಾರು ಸಲ ತೊಳೆದು ನೋಡಿದವರು ಯಾರಾದರೂ ಇದ್ದರೆ ತಿಳಿಸಿ. ಅಲ್ಲಿಯವರೆಗೆ ಅದಕ್ಕೆ ಕತ್ರಿ ತಾಗಿಸುವುದಿಲ್ಲ.