ಕತ್ತಲಲ್ಲಿ ಕೊಡುವ ಮಾತು

ಈಸ್ಟರ್ ಎಂದರೆ ಭಾನುವಾರ ಬೆಳಗಿನ ಹೊಸ ಬಟ್ಟೆ, ಬಿಳಿ ಲಿಲ್ಲಿ, ಕೂರಲು ಜಾಗವಿಲ್ಲದ ಬೆಂಚು ಎಂಬುದು ರೂಢಿಯ ಲೆಕ್ಕ. ಇಂಗ್ಲೆಂಡಿನ ಸಭೆಯಿಂದ ಬೆಳೆದ ಆಂಗ್ಲಿಕನ್ ಪರಂಪರೆಗೆ ಸೇರಿದ ಅಮೆರಿಕದ ಎಪಿಸ್ಕೋಪಲ್ ಸಭೆಯ ಪ್ರಾರ್ಥನಾ ಪುಸ್ತಕದ ಲೆಕ್ಕದಲ್ಲಿ ಹಬ್ಬ ಶನಿವಾರ ರಾತ್ರಿಯೇ ಶುರುವಾಗಿರುತ್ತದೆ. ಸೂರ್ಯ ಮುಳುಗಿ ಕತ್ತಲು ಕವಿದ ಮೇಲೆ, ಒಳಗೆ ಒಂದು ದೀಪವನ್ನೂ ಹಚ್ಚದೆ, ಚರ್ಚಿನ ಬಾಗಿಲ ಹೊರಗೆ ಜನ ಸೇರುತ್ತಾರೆ. ಇದು ಈಸ್ಟರ್ ಜಾಗರಣೆ. 1928ರ ಪುಸ್ತಕದಲ್ಲಿ ಇದು ಇರಲಿಲ್ಲ. ಆದಿಸಭೆಯ ಈ ಪದ್ಧತಿಯನ್ನು 1979ರ ಪುಸ್ತಕ ಮರಳಿ ತಂದು ಇಡೀ ವರ್ಷದ ನಡುಮನೆಯಲ್ಲಿ ಕೂರಿಸಿತು. ಆದರೂ ಅನೇಕ ಊರುಗಳಲ್ಲಿ ಆ ರಾತ್ರಿ ಬರುವವರು ಬೆರಳೆಣಿಕೆಯಷ್ಟು ಜನ. ಭಾನುವಾರ ಮಾತ್ರ ಬರುವವರು ಹಬ್ಬದೂಟಕ್ಕೆ ಬಂದಂತೆ. ಸಭೆ ದೇವರಿಗೆ ಮಾತು ಕೊಡುವುದು ಹಿಂದಿನ ರಾತ್ರಿ.

ಮೊದಲು ಬೆಂಕಿ. ಹಸಿ ಕಟ್ಟಿಗೆ ಒಟ್ಟಿದರೆ ಬರೀ ಹೊಗೆ. ಒಣಗಿದ ಸಣ್ಣ ಪುಳ್ಳೆ ಸಾಕು, ನಾಲ್ಕೈದು ನಿಮಿಷ ಚೆನ್ನಾಗಿ ಉರಿದರೆ ಕೆಲಸವಾಯಿತು. ಮಳೆಯ ರಾತ್ರಿ ಕೆಲವರು ಲೋಹದ ಬಟ್ಟಲಿನಲ್ಲಿ ಎಪ್ಸಮ್ ಸಾಲ್ಟ್ ಮತ್ತು ಸ್ಪಿರಿಟ್ ಸಮಸಮ ಹಾಕಿ ಹೊಗೆಯಿಲ್ಲದ ಉರಿ ಎಬ್ಬಿಸುತ್ತಾರೆ. ಉರಿ ಇಳಿಯಿತೆಂದು ಮೇಲಿಂದ ಸ್ಪಿರಿಟ್ ಸುರಿಯುವುದು ಮಾತ್ರ ಕೂಡದು, ಬೆಂಕಿ ಬಾಟಲಿಗೇ ಹತ್ತಿಕೊಳ್ಳುತ್ತದೆ. ಆ ಬೆಂಕಿಯಿಂದ ಪಸ್ಕದ, ಅಂದರೆ ಈಸ್ಟರಿನ, ದೊಡ್ಡ ಮೇಣದಬತ್ತಿಯನ್ನು ಹೊತ್ತಿಸಬೇಕು. ಅದರ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ಆ ವರ್ಷದ ನಾಲ್ಕು ಅಂಕಿಗಳು ಇರುತ್ತವೆ. ಗಾಳಿಗೆ ಹೊಸ ಬತ್ತಿ ಬೇಗ ಹಿಡಿಯುವುದಿಲ್ಲ. ಮಧ್ಯಾಹ್ನವೇ ಐದು ನಿಮಿಷ ಉರಿಸಿ ಆರಿಸಿಟ್ಟರೆ ರಾತ್ರಿ ಥಟ್ಟನೆ ಹತ್ತುತ್ತದೆ ಎಂಬುದು ಬಲಿಪೀಠವನ್ನು (ಆಲ್ಟರ್) ಅಣಿಗೊಳಿಸುವ ಬಳಗವಾದ ಆಲ್ಟರ್ ಗಿಲ್ಡ್‌ನವರ ಹಳೆಯ ಗುಟ್ಟು.

ಆರಾಧನೆಯಲ್ಲಿ ನೆರವಾಗುವ ಸಭಾಸೇವಕರಾದ ಡೀಕನ್ ಬತ್ತಿ ಎತ್ತಿಕೊಂಡು ಒಳಗೆ ನಡೆಯುತ್ತಾರೆ. ಮೂರು ಕಡೆ ನಿಂತು ಕ್ರಿಸ್ತನ ಬೆಳಕನ್ನು ಸಾರಿ ಹಾಡುತ್ತಾರೆ, ಜನ ದೇವರಿಗೆ ಸ್ತೋತ್ರ ಎನ್ನುತ್ತಾರೆ. ಆ ಒಂದು ಜ್ವಾಲೆಯಿಂದ ಎಲ್ಲರ ಕೈಯ ಸಣ್ಣ ಬತ್ತಿಗಳು ಹೊತ್ತಿಕೊಳ್ಳುತ್ತವೆ. ಇಲ್ಲಿ ಒಂದು ನಿಯಮವಿದೆ: ಉರಿಯುವ ಬತ್ತಿ ನೆಟ್ಟಗೆ ನಿಲ್ಲಬೇಕು, ಉರಿಯದ ಬತ್ತಿ ಬಾಗಿ ಬರಬೇಕು. ತಿರುಗುಮುರುಗಾದರೆ ಬಿಸಿ ಮೇಣ ಪಕ್ಕದವರ ಕೈಮೇಲೆ. ಪಡೆಯುವವನೇ ಬಾಗಬೇಕೆಂಬುದನ್ನು ಪ್ರಸಂಗ ಮಾಡಿ ಹೇಳಬೇಕಿಲ್ಲ, ಮೇಣವೇ ಕಲಿಸುತ್ತದೆ.

ಆಮೇಲೆ ವಾಚನಗಳು. ಸೃಷ್ಟಿ, ಜಲಪ್ರಳಯ, ಇಸಾಕನ ಬಲಿ, ಕೆಂಪು ಸಮುದ್ರ, ಯೆಹೆಜ್ಕೇಲನ ಒಣಗಿದ ಎಲುಬುಗಳು ಸೇರಿ ಹಳೆಯ ಒಡಂಬಡಿಕೆಯ ಒಂಬತ್ತನ್ನು ಪುಸ್ತಕ ಕೊಟ್ಟಿದೆ. ಕಡಿಮೆಯೆಂದರೆ ಎರಡನ್ನಾದರೂ ಓದಬೇಕು, ಅದರಲ್ಲಿ ವಿಮೋಚನಕಾಂಡದ್ದು ಕಡ್ಡಾಯ. ನೀರನ್ನು ದಾಟಿ ಬಿಡುಗಡೆಯಾದವರ ಕಥೆ ಕೇಳದೆ ದೀಕ್ಷಾಸ್ನಾನದ ನೀರಿನ ಬಳಿಗೆ ಹೋಗುವುದು ಹೇಗೆ? ಎಡವುವುದು ಎರಡು ಕಡೆ. ಮೇಣದಬತ್ತಿಯ ಬೆಳಕು ಓದಲು ಸಾಲದು, ಪೀಠಕ್ಕೊಂದು ಚಿಕ್ಕ ಬ್ಯಾಟರಿ ದೀಪ ಕ್ಲಿಪ್ ಮಾಡಿಡದಿದ್ದರೆ ಓದುಗರು ನೋಹನ ಹಡಗಿನಲ್ಲೇ ತಡವರಿಸುತ್ತಾರೆ. ಇನ್ನೊಂದು, ಪ್ರತಿ ವಾಚನದ ನಂತರದ ಮೌನ. ಹತ್ತು ಸೆಕೆಂಡಿಗೇ ನಡೆಸುವವರಿಗೆ ಇರುಸುಮುರುಸು ಶುರುವಾಗಿ ಮುಂದಿನ ಪ್ರಾರ್ಥನೆಗೆ ಜಿಗಿಯುತ್ತಾರೆ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯುವುದು ಒಳ್ಳೆಯದು. ಒಂಬತ್ತನ್ನೂ ಗಡಿಬಿಡಿಯಲ್ಲಿ ಓದುವುದಕ್ಕಿಂತ ನಾಲ್ಕನ್ನು ಮೌನದೊಡನೆ ಓದುವುದು ಮೇಲು.

ಈಗ ಎಲ್ಲರೂ ತಮ್ಮ ದೀಕ್ಷಾಸ್ನಾನದ ಮಾತನ್ನು ಮತ್ತೆ ಹೊಸದಾಗಿ ಕೊಡಲು ಅದರ ನೀರಿನ ಬಾನಿಯ ಕಡೆ ತಿರುಗುತ್ತಾರೆ. ಆಲ್ಟರಿನ ದೀಪಗಳು ಇನ್ನೂ ಹೊತ್ತಿಲ್ಲ, ಕೈಯಲ್ಲಿ ಬತ್ತಿ ಉರಿಯುತ್ತಿದೆ. ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ಮೂರು ಪ್ರಶ್ನೆಗಳಾಗಿ ಒಡೆದು ಕೇಳಲಾಗುತ್ತದೆ: ತಂದೆಯನ್ನು ನಂಬುತ್ತೀಯಾ, ಮಗನನ್ನು ನಂಬುತ್ತೀಯಾ, ಪವಿತ್ರಾತ್ಮನನ್ನು ನಂಬುತ್ತೀಯಾ. ಅದಾದ ಮೇಲೆ ಬದುಕಿನ ಬಗ್ಗೆ ಐದು ಪ್ರಶ್ನೆ. ಐದಕ್ಕೂ ಉತ್ತರ ಒಂದೇ: ದೇವರ ಸಹಾಯದಿಂದ ಮಾಡುತ್ತೇನೆ. ಬಾಯಿಪಾಠವಾದವರು ಇವನ್ನು ಎರಡೇ ನಿಮಿಷದಲ್ಲಿ ದಾಟಿಬಿಡುತ್ತಾರೆ. ಒಂದೊಂದನ್ನೂ ನಿಂತು ನೋಡಿದರೆ ಆ ಸಭೆಯ ವರ್ಷಪೂರ್ತಿಯ ಕೆಲಸವೆಲ್ಲ ಅಲ್ಲಿದೆ.

ಮೊದಲನೆಯದು ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಿಂದ ಬಂದದ್ದು: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ, ಇವುಗಳಲ್ಲಿ ನಿಂತಿರುತ್ತೀಯಾ? ಉತ್ಸಾಹದಲ್ಲಿ ಮರುದಿನವೇ ಪೂರ್ಣ ಬೆಳಗಿನ ಪ್ರಾರ್ಥನೆ, ಪೂರ್ಣ ಸಂಜೆಯ ಪ್ರಾರ್ಥನೆ ಹಿಡಿಯುವವರು ಹತ್ತು ದಿನಕ್ಕೆ ಕೈಬಿಡುತ್ತಾರೆ. ಪುಸ್ತಕದ 137ರಿಂದ 140ನೆಯ ಪುಟದವರೆಗೆ ಒಬ್ಬೊಬ್ಬರಿಗೂ ಮನೆಮಂದಿಗೂ ಆಗುವ ಚಿಕ್ಕ ಪ್ರಾರ್ಥನೆಗಳಿವೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಹೊತ್ತು, ಒಂದೊಂದಕ್ಕೆ ಒಂದೇ ಪುಟ. ಐದು ನಿಮಿಷ ಸಾಕು. ಅದರಲ್ಲಿ ಒಂದನ್ನು ಹಿಡಿದು ಒಂದು ವರ್ಷ ಬಿಡದೆ ನಡೆಸಿದವರಿಗೆ ಪೂರ್ಣ ಪ್ರಾರ್ಥನೆ ತಾನಾಗಿ ದಕ್ಕುತ್ತದೆ.

ಎರಡನೆಯ ಪ್ರಶ್ನೆಯ ಜಾಣ್ಮೆ ಒಂದೇ ಪದದಲ್ಲಿದೆ. ಕೆಟ್ಟದ್ದನ್ನು ಎದುರಿಸಿ ನಿಲ್ಲುತ್ತೀಯಾ, ಪಾಪದಲ್ಲಿ ಬಿದ್ದಾಗಲೆಲ್ಲ ಪಶ್ಚಾತ್ತಾಪಪಟ್ಟು ಕರ್ತನ ಕಡೆಗೆ ತಿರುಗುತ್ತೀಯಾ? ಬಿದ್ದರೆ ಎಂದು ಕೇಳುವುದಿಲ್ಲ, ಬಿದ್ದಾಗಲೆಲ್ಲ ಎನ್ನುತ್ತದೆ. ಬೀಳುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ವ್ರತ ಇದು. ಸಾಮಾನ್ಯ ವ್ರತ ಒಮ್ಮೆ ಮುರಿದರೆ ಮುಗಿಯಿತು. ಇದರಲ್ಲಿ ಮರಳಿ ಏಳುವುದೇ ವ್ರತದ ಭಾಗ. ಪ್ರೀಸ್ಟ್ ಮುಂದೆ ಖಾಸಗಿಯಾಗಿ ಪಾಪ ಅರಿಕೆ ಮಾಡಿಕೊಳ್ಳುವ ಕ್ರಮವೂ ಈ ಪುಸ್ತಕದಲ್ಲಿದೆ. ಅದರ ಬಗ್ಗೆ ಆಂಗ್ಲಿಕನ್ನರಲ್ಲಿ ಒಂದು ಹಳೆಯ ಮಾತಿದೆ: ಎಲ್ಲರೂ ಬರಬಹುದು, ಯಾರೂ ಬರಲೇಬೇಕೆಂದಿಲ್ಲ, ಕೆಲವರು ಬರಬೇಕು.

ಆ ಬಿದ್ದಾಗಲೆಲ್ಲ ಎಂಬುದು ಒಬ್ಬೊಬ್ಬರಿಗೆ ಹೇಳಿದ್ದಷ್ಟೇ ಅಲ್ಲ. ಗುಲಾಮಗಿರಿಯಲ್ಲಿ ತನ್ನ ಪಾಲಿದ್ದುದಕ್ಕೆ ಎಪಿಸ್ಕೋಪಲ್ ಸಭೆ 2008ರ ಅಕ್ಟೋಬರ್‌ನಲ್ಲಿ ಪಶ್ಚಾತ್ತಾಪದ ಆರಾಧನೆ ನಡೆಸಿತು. ನಡೆದದ್ದು ಫಿಲಡೆಲ್ಫಿಯಾದ ಸೇಂಟ್ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಸಭೆಯಲ್ಲಿ. ಅದನ್ನು ಕಟ್ಟಿದವರು ಗುಲಾಮರಾಗಿ ಹುಟ್ಟಿ, ಎಪಿಸ್ಕೋಪಲ್ ಸಭೆಯ ಮೊದಲ ಕರಿಯ ಪ್ರೀಸ್ಟ್ ಆದ ಆಬ್ಸಲಮ್ ಜೋನ್ಸ್. ತಪ್ಪೊಪ್ಪಿಗೆಗೆ ಜಾಗವನ್ನು ಅಳೆದು ತೂಗಿಯೇ ಆರಿಸಿದ್ದರು.

ಮೂರನೆಯದು, ಸುವಾರ್ತೆಯನ್ನು ಮಾತಿನಲ್ಲೂ ನಡತೆಯಲ್ಲೂ ಸಾರುತ್ತೀಯಾ ಎಂಬುದು. ಎಪಿಸ್ಕೋಪಲ್ ಜನ ನಡತೆಗೆ ಒಪ್ಪಿ ಮಾತಿಗೆ ನಾಚುವವರು. ಸಾಲಿನಲ್ಲಿ ಎರಡೂ ಇವೆ ಎಂದು ಅವರಿಗೆ ಆಗಾಗ ನೆನಪಿಸಬೇಕಾಗುತ್ತದೆ.

ನಾಲ್ಕನೆಯದು, ಎಲ್ಲ ಮನುಷ್ಯರಲ್ಲಿ ಕ್ರಿಸ್ತನನ್ನು ಹುಡುಕಿ ಸೇವಿಸುತ್ತೀಯಾ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸುತ್ತೀಯಾ? ಹುಡುಕು ಎಂಬುದು ಮೊದಲು, ಸೇವಿಸು ಎಂಬುದು ಆಮೇಲೆ. ಅನೇಕ ಸಭೆಗಳ ಆಹಾರ ಭಂಡಾರದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೇಜಿನ ಈಚೆ ಕೊಡುವವರು, ಆಚೆ ಪಡೆಯುವವರು. ಡಬ್ಬಿಗಳ ಎಣಿಕೆ ಪಕ್ಕಾ, ಬಂದವರ ಹೆಸರು ಒಬ್ಬರಿಗೂ ಗೊತ್ತಿಲ್ಲ. ಪಡೆಯಲು ಬಂದವರನ್ನೇ ಜೋಡಿಸುವ, ಹಂಚುವ ಕೆಲಸಕ್ಕೆ ಕರೆದುಕೊಂಡರೆ ಮೇಜಿಗೆ ಆಚೆ ಈಚೆ ಉಳಿಯುವುದಿಲ್ಲ. ಐದನೆಯದು ನ್ಯಾಯ ಮತ್ತು ಸಮಾಧಾನಕ್ಕಾಗಿ ದುಡಿಯುವುದು, ಪ್ರತಿಯೊಬ್ಬ ಮನುಷ್ಯನ ಘನತೆಯನ್ನು ಗೌರವಿಸುವುದು. ಚುನಾವಣೆಯ ವರ್ಷದಲ್ಲಿ ಈ ಸಾಲನ್ನು ಎರಡೂ ಪಕ್ಷದವರು ತಮ್ಮದೇ ಎಂದು ಎಳೆದಾಡುತ್ತಾರೆ. ಎದುರು ಪಕ್ಷದವನೂ ಪ್ರತಿಯೊಬ್ಬರಲ್ಲಿ ಒಬ್ಬನೇ ಅಲ್ಲವೇ.

ಆ ರಾತ್ರಿ ಯಾರಿಗಾದರೂ ದೀಕ್ಷಾಸ್ನಾನವಿದ್ದರೆ ಇನ್ನೊಂದು ಪ್ರಶ್ನೆಯೂ ಇರುತ್ತದೆ. ಅದು ಪಡೆಯುವವರಿಗಲ್ಲ, ಜ್ಞಾನತಂದೆ ಜ್ಞಾನತಾಯಿಗೂ ಅಲ್ಲ, ನೋಡುತ್ತ ನಿಂತ ಇಡೀ ಸಭೆಗೆ. ಈ ಮಾತುಗಳಿಗೆ ಸಾಕ್ಷಿಗಳಾದ ನೀವು ಇವರ ಕ್ರೈಸ್ತ ಜೀವನಕ್ಕೆ ನಿಮ್ಮ ಕೈಲಾದುದೆಲ್ಲವನ್ನೂ ಮಾಡಿ ಆಸರೆಯಾಗುತ್ತೀರಾ? ಸಭೆಯ ಉತ್ತರ: ಆಗುತ್ತೇವೆ. ಗಮನಿಸಿ, ದೇವರ ಸಹಾಯದಿಂದ ಎಂಬ ಪದ ಇಲ್ಲಿ ಇಲ್ಲ. ಒಬ್ಬೊಬ್ಬರ ಮಾತಿಗೆ ದೇವರ ಆಸರೆ ಬೇಡಿದ ಪುಸ್ತಕ ಸಭೆಯ ಮಾತನ್ನು ಬೋಳಾಗಿಯೇ ಬಿಟ್ಟಿದೆ. ಬಹುಶಃ ಆ ದೇವರ ಸಹಾಯವೇ ಈ ಸಭೆಯ ರೂಪದಲ್ಲಿ ಬರಬೇಕಾದದ್ದು.

ನೀರನ್ನು ಬಾನಿಗೆ ಎಲ್ಲರಿಗೂ ಕೇಳಿಸುವಂತೆ, ಎತ್ತರದಿಂದ ಸುರಿಯಬೇಕು. ಉತ್ತರದ ಚಳಿ ರಾಜ್ಯಗಳಲ್ಲಿ ಒಂದು ಜಗ್ ಬಿಸಿನೀರು ಬೆರೆಸದಿದ್ದರೆ ಕೂಸು ಕಿರುಚುವುದು ಖಂಡಿತ. ಸ್ನಾನವಾದ ಮೇಲೆ ಹಣೆಗೆ ಶಿಲುಬೆಯ ಗುರುತು, ಸಾಮಾನ್ಯವಾಗಿ ಕ್ರಿಸಮ್ ತೈಲದಿಂದ. ಇದು ಸುಗಂಧ ಬೆರೆಸಿದ ಆಲಿವ್ ಎಣ್ಣೆ. ಈ ತೈಲವನ್ನು ಪ್ರತಿಷ್ಠಿಸುವ ಅಧಿಕಾರ ಬಿಷಪ್ ಒಬ್ಬರಿಗೇ. ಅನೇಕ ಸಭಾಪ್ರಾಂತಗಳಲ್ಲಿ, ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಸಭೆಗಳ ಪ್ರದೇಶಗಳಲ್ಲಿ, ಈಸ್ಟರಿನ ಹಿಂದಿನ ಪವಿತ್ರ ವಾರದ ಒಂದು ದಿನ ಪ್ರೀಸ್ಟ್‌ಗಳೂ ಡೀಕನ್‌ಗಳೂ ಕಥೀಡ್ರಲ್‌ನಲ್ಲಿ ಸೇರಿ ಆ ಸೇವೆಗೆ ನೇಮಕವಾದಾಗ ಕೊಟ್ಟ ಮಾತುಗಳನ್ನು ನವೀಕರಿಸುತ್ತಾರೆ, ಬಿಷಪ್ ಪ್ರತಿಷ್ಠಿಸಿದ ತೈಲವನ್ನು ಪುಟ್ಟ ಸೀಸೆಗಳಲ್ಲಿ ಊರೂರಿಗೆ ಒಯ್ಯುತ್ತಾರೆ. ಎಪಿಸ್ಕೋಪಲ್ ಎಂಬ ಹೆಸರಿನ ಅರ್ಥವೂ ಇಲ್ಲೇ ಸಿಗುತ್ತದೆ. ಗ್ರೀಕಿನ ಮೂಲಪದಕ್ಕೆ ಮೇಲಿಂದ ನೋಡಿಕೊಳ್ಳುವವನು ಎಂದರ್ಥ, ನಮ್ಮ ಕನ್ನಡ ಬೈಬಲಿನ ಸಭಾಧ್ಯಕ್ಷ. ಒಬ್ಬ ಬಿಷಪ್ ಒಂದೇ ರಾತ್ರಿ ನೂರು ಕಡೆ ಇರಲಾರರು. ಮೂರು ವರ್ಷಕ್ಕೊಮ್ಮೆಯಾದರೂ ಪ್ರತಿ ಸಭೆಗೆ ಭೇಟಿ ಕೊಡಬೇಕೆಂಬುದು ಸಭೆಯ ಕಾನೂನಿನ ಕನಿಷ್ಠ ಅಳತೆ. ಉಳಿದ ದಿನ ಕೂಸಿನ ಹಣೆಯ ಆ ತೊಟ್ಟು ಎಣ್ಣೆ ಅವರ ಕೈ. ಹಿಂದಿನ ವರ್ಷದ ತೈಲ ಕಮಟು ವಾಸನೆ ಬಂದಿರುತ್ತದೆ, ಅದನ್ನು ಸಿಂಕಿಗೆ ಸುರಿಯದೆ ಹತ್ತಿಗೆ ಹೀರಿಸಿ ಸುಡುವುದು ಮರ್ಯಾದೆ.

ಹೊಸಬರನ್ನು ಸ್ವಾಗತಿಸಿ ಕೂಡಲೇ ಸಮಾಧಾನದ ವಿನಿಮಯ, ಅಂದರೆ ಒಬ್ಬರಿಗೊಬ್ಬರು ಕರ್ತನ ಸಮಾಧಾನವನ್ನು ಹಾರೈಸುವುದು. ಕನ್ನಡದ ಕ್ರೈಸ್ತರು ಇಲ್ಲಿ ಸ್ವಲ್ಪ ಹೆಮ್ಮೆಪಟ್ಟರೆ ತಪ್ಪಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಸಿಎಸ್ಐ, ಹುಟ್ಟಿತು. 1950ರಲ್ಲಿ ಅದು ಹೊರತಂದ ಕರ್ತನ ಭೋಜನದ ಕ್ರಮದಲ್ಲಿ, ಕೇರಳದ ಸುರಿಯಾನಿ ಕ್ರೈಸ್ತರಿಂದ ಕಲಿತು, ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಸೇರಿಸಿತು: ಕೊಡುವವನ ಬಲ ಅಂಗೈ ಪಡೆಯುವವನ ಬಲ ಅಂಗೈಗೆ, ಎಡಗೈ ಮೇಲೆ ಮುಚ್ಚಿಗೆ. ಪಶ್ಚಿಮದ ಆಂಗ್ಲಿಕನ್ ಸಭೆಗಳು ಬಹುಕಾಲ ಮರೆತಿದ್ದ ಈ ವಿಧಿ ಮರಳಿ ಬರಲು ಆ ಪುಟ್ಟ ಕ್ರಮ ದೊಡ್ಡ ಪ್ರೇರಣೆಯಾಯಿತು. 1979ರ ಅಮೆರಿಕದ ಪುಸ್ತಕದಲ್ಲಿ ಇದು ಕಾಣಿಕೆ ಅರ್ಪಿಸುವುದಕ್ಕೆ ಮೊದಲು ಬರುತ್ತದೆ. ಸಹೋದರನೊಡನೆ ರಾಜಿಯಾಗಿ ಬಂದು ಕಾಣಿಕೆ ಕೊಡು ಎಂದ ಯೇಸುವಿನ ಮಾತಿನ ಕ್ರಮವದು. ಆದರೆ ಅಲ್ಲಿ ಇದು ಹಲವು ಸಲ ನಡುವಿನ ಹರಟೆಯಾಗಿಬಿಡುತ್ತದೆ: ಸ್ನೇಹಿತರನ್ನು ಹುಡುಕಿಕೊಂಡು ಹೋಗಿ ಅಪ್ಪಿಕೊಳ್ಳುವುದು, ಹೊಸಬ ಬೆಂಚಿನ ತುದಿಯಲ್ಲಿ ಒಬ್ಬನೇ ನಿಂತಿರುವುದು. ಗುರುತಿಲ್ಲದವರ ಕೈ ಮೊದಲು ಹಿಡಿಯಬೇಕೆಂದು ಸ್ವಾಗತ ಮಾಡುವವರಿಗೆ ಮುಂಚೆಯೇ ಹೇಳಿಡುವುದು ಒಳಿತು. ಬೆಂಗಳೂರು, ಮಂಗಳೂರು, ಧಾರವಾಡದ ಸಿಎಸ್ಐ ಸಭೆಗಳಿಂದ ಅಲ್ಲಿಗೆ ಹೋದವರು ಹೀಗೆ ನಿಂತ ಹೊಸಬರಲ್ಲಿ ಇರುತ್ತಾರೆ. ಅವರಿಗೆ ಮತ್ತೆ ದೀಕ್ಷಾಸ್ನಾನವಿಲ್ಲ, ಅದು ಬದುಕಿಗೆ ಒಂದೇ ಸಲ. ಎರಡೂ ಸಭೆಗಳು ಒಂದೇ ಭೋಜನದಲ್ಲಿ ಸೇರುವಂಥವು. ಊರಿನ ಸಭಾಪಾಲಕರ ಪತ್ರವೂ ದೀಕ್ಷಾಸ್ನಾನದ ಪ್ರಮಾಣಪತ್ರವೂ ಇದ್ದರೆ ಹೆಸರು ದಾಖಲಿಸುವುದು ಸುಲಭ.

ಹಬ್ಬ, ಪವಿತ್ರಾತ್ಮ ಇಳಿದುಬಂದುದನ್ನು ನೆನೆಯುವ ಪೆಂತೆಕೊಸ್ತಿನವರೆಗೆ, 50 ದಿನ. ಈಸ್ಟರಿಗೆ ಮುಂಚಿನ ಉಪವಾಸ, ಪಶ್ಚಾತ್ತಾಪದ ಶ್ರಮಕಾಲದ 40 ದಿನ ಕಟ್ಟುನಿಟ್ಟಾಗಿ ನಡೆಸಿದ ಸಭೆ ಈ 50 ದಿನದಲ್ಲಿ ಕಾಲು ಚಾಚಿ ಮಲಗುವುದು ಮಾಮೂಲು. ಈಸ್ಟರಿನ ಮರುವಾರ ಬೆಂಚು ಖಾಲಿ. ಕೊಟ್ಟ ಮಾತು ಸೋರಿಹೋಗುವುದು ಇಲ್ಲೇ. ಹೊಸದಾಗಿ ದೀಕ್ಷಾಸ್ನಾನ ಪಡೆದವರನ್ನು ಐದು ವಾರ ಒಂದು ಮನೆಯಲ್ಲಿ ಊಟಕ್ಕೆ ಕರೆದು, ವಾರಕ್ಕೊಂದು ಪ್ರಶ್ನೆಯಂತೆ ಮತ್ತೆ ಎತ್ತಿಕೊಂಡು, ಈ ವಾರ ಇದನ್ನು ಎಲ್ಲಿ, ಯಾರ ಜೊತೆ ಮಾಡುವುದು ಎಂದು ಮಾತಾಡಿದರೆ ಸಭೆ ಹೇಳಿದ ಆಗುತ್ತೇವೆಗೆ ಕೈಕಾಲು ಬರುತ್ತದೆ. ಆರೇಳು ಜನಕ್ಕಿಂತ ಹೆಚ್ಚು ಬೇಡ, ಅದಕ್ಕಿಂತ ಹೆಚ್ಚಾದರೆ ಇಬ್ಬರು ಮಾತಾಡಿ ಉಳಿದವರು ಕೇಳುತ್ತಾರೆ. ಅಡುಗೆ ಸರಳವಾಗಿರಲಿ, ಇಲ್ಲದಿದ್ದರೆ ಮೂರನೆಯ ವಾರಕ್ಕೆ ಮನೆಯವರು ಸುಸ್ತು.

ಪಸ್ಕದ ಬತ್ತಿ ಈ 50 ದಿನವೂ ಆಲ್ಟರಿನ ಹತ್ತಿರ ಪ್ರತಿ ಆರಾಧನೆಯಲ್ಲಿ ಉರಿಯುತ್ತದೆ. ಪೆಂತೆಕೊಸ್ತಿನ ನಂತರ ಅದನ್ನು ಬಾನಿಯ ಪಕ್ಕಕ್ಕೆ ಒಯ್ದು ನಿಲ್ಲಿಸುತ್ತಾರೆ, ದೀಕ್ಷಾಸ್ನಾನ ಇದ್ದಾಗ ಹಚ್ಚುತ್ತಾರೆ. ಉಳಿದಂತೆ ಅದು ಜಾಗ ಬಿಟ್ಟು ಕದಲುವುದು ಸಭೆಯಲ್ಲಿ ಯಾರಾದರೂ ತೀರಿಕೊಂಡಾಗ. ಆಗ ಅದನ್ನು ತಂದು ಶವಪೆಟ್ಟಿಗೆಯ ಬಳಿ ಹೊತ್ತಿಸಿ ನಿಲ್ಲಿಸುತ್ತಾರೆ. ಅದಕ್ಕೇ ಆಲ್ಟರ್ ಗಿಲ್ಡ್‌ನವರು ಬತ್ತಿಯನ್ನು ಪೂರ್ತಿ ಕರಗಲು ಬಿಡುವುದಿಲ್ಲ, ಮುಂದಿನ ಜಾಗರಣೆಯವರೆಗೆ ಸಾಕಾಗುವಷ್ಟು ಉಳಿಸುತ್ತಾರೆ.