ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಮಾಸ್ಟ್ರೇ?

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ವಾಚನಾಲಯಗಳಲ್ಲಿ ವಿಜ್ಞಾನದ ಬಗ್ಗೆ ಮಾತಾಡಲು ಹೋದರೆ ಕೊನೆಗೆ ಒಬ್ಬರಾದರೂ ಮೊಬೈಲ್ ಹಿಡಿದುಕೊಂಡು ಹತ್ತಿರ ಬರುತ್ತಾರೆ. ಯಾವುದೋ ಗುಪ್ತ ಪಂಥ, ಅದರ ನೆಲಮಾಳಿಗೆ, ಅಲ್ಲಿ ನಡೆಯುತ್ತದಂತೆ ಎನ್ನುವ ಹುನ್ನಾರ. "ಇಷ್ಟು ಜನ ಹೇಳುತ್ತಾರಲ್ಲ ಮಾಸ್ಟ್ರೇ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?"

ಆಡುವುದಿಲ್ಲ. ಆದರೆ ಹೊಗೆ ಕಂಡ ಮನೆಯಲ್ಲೇ ಬೆಂಕಿ ಇರಬೇಕೆಂದಿಲ್ಲ. ಇದಕ್ಕೆ ನಾನು ಜಪಾನಿನ ಓಂ ಶಿನ್ರಿಕ್ಯೋ ಪಂಥದ ಕಥೆ ಹೇಳುತ್ತೇನೆ. ಬೇಕೆಂದೇ ಅದನ್ನು ಆರಿಸಿಕೊಂಡಿದ್ದೇನೆ, ಏಕೆಂದರೆ ಆ ಪಂಥ ನಿಜಕ್ಕೂ ಕೊಲೆಗಡುಕರದು. ಶೋಕೋ ಅಸಹರಾ ಎಂಬಾತ ಯೋಗ ತರಗತಿಯಿಂದ ಶುರುಮಾಡಿ ಕಟ್ಟಿದ್ದು. 1989ರಲ್ಲಿ ಅದರ ವಿರುದ್ಧ ಹೋರಾಡುತ್ತಿದ್ದ ಯೊಕೊಹಾಮಾದ ವಕೀಲರೊಬ್ಬರು ಹೆಂಡತಿ ಮತ್ತು ಎಳೆಮಗುವಿನೊಂದಿಗೆ ಕಾಣೆಯಾದರು. ಮನೆಯಲ್ಲಿ ಪಂಥದ ಬಿಲ್ಲೆಯೊಂದು ಬಿದ್ದಿತ್ತು. ಶವಗಳು ಸಿಕ್ಕಿದ್ದು ಮಾತ್ರ 1995ರಲ್ಲಿ.

ನಡುವೆ, 1994ರ ಜೂನ್ 27ರ ರಾತ್ರಿ, ಮತ್ಸುಮೊಟೊ ಪಟ್ಟಣದ ಒಂದು ಬೀದಿಯಲ್ಲಿ ಜನ ಇದ್ದಕ್ಕಿದ್ದಂತೆ ಉಸಿರುಗಟ್ಟಿ ಬಿದ್ದರು. ಸರಿನ್ ಎಂಬ ವಿಷಾನಿಲ. ಮೊದಲು ಫೋನು ಮಾಡಿ ಸಹಾಯ ಕೇಳಿದವರು ಅಲ್ಲಿನ ಒಬ್ಬ ಸಾಮಾನ್ಯ ನಿವಾಸಿ. ಅವರ ಹೆಂಡತಿಯೇ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಪೊಲೀಸರು ಅವರ ಮನೆಯನ್ನು ಶೋಧಿಸಿದಾಗ ಕೆಲವು ರಾಸಾಯನಿಕಗಳು ಸಿಕ್ಕವು. ಅಷ್ಟೇ ಸಾಕಾಯಿತು. ಗಿಡಗಳ ಮದ್ದು ಬೆರೆಸಲು ಹೋಗಿ ಅನಿಲ ಮಾಡಿಬಿಟ್ಟ ಎಂದು ಪತ್ರಿಕೆಗಳು ತೀರ್ಪು ಕೊಟ್ಟವು. ಅಡಿಕೆಗೆ ಮದ್ದು ಬಿಡುವ ನಮ್ಮವರನ್ನು ಇಲ್ಲಿ ನಿಲ್ಲಿಸಿ ಕೇಳುತ್ತೇನೆ: ಮೈಲುತುತ್ತು, ಸುಣ್ಣ, ಹೆಸರು ಅಳಿಸಿಹೋದ ನಾಲ್ಕು ಬಾಟಲಿ ಯಾರ ಕೊಟ್ಟಿಗೆಯಲ್ಲಿಲ್ಲ? ಆ ಸರಕಿನಿಂದ ಸರಿನ್ ಆಗದು ಎಂದು ರಸಾಯನಶಾಸ್ತ್ರ ಬಲ್ಲವರು ಹೇಳಿದರೂ ಕೇಳುವವರಿರಲಿಲ್ಲ. ಅನಿಲ ಬಿಟ್ಟದ್ದು ಓಂ ಪಂಥ. ಪತ್ರಿಕೆಗಳು ಆಮೇಲೆ ಕ್ಷಮೆ ಕೇಳಿದವು. ಆ ಹೆಂಗಸು ಕೊನೆಗೂ ಚೇತರಿಸಿಕೊಳ್ಳದೆ 2008ರಲ್ಲಿ ತೀರಿಕೊಂಡರು.

ಪಂಥದ ಗುಟ್ಟು ಹೊರಬಿದ್ದದ್ದು ಯಾರದೋ ಪಿಸುಮಾತಿನಿಂದಲ್ಲ, ಮಣ್ಣಿನಿಂದ. ಫ್ಯೂಜಿ ಪರ್ವತದ ಬುಡದಲ್ಲಿದ್ದ ಅದರ ನೆಲೆಯ ಹತ್ತಿರದ ಮಣ್ಣಿನಲ್ಲಿ ಸರಿನ್ ತಯಾರಿಕೆಯ ಉಳಿಕೆ ಸಿಕ್ಕಿತು. 1995ರ ಜನವರಿ 1ರಂದು ಪತ್ರಿಕೆಯೊಂದು ಅದನ್ನು ಬಯಲು ಮಾಡಿತು. ಪೊಲೀಸರು ನುಗ್ಗಿದ್ದು ಮಾರ್ಚ್ 22ಕ್ಕೆ. ಎರಡು ದಿನ ಮೊದಲೇ ಟೋಕಿಯೋದ ಸುರಂಗ ರೈಲುಗಳಲ್ಲಿ ಅದೇ ವಿಷ ಹರಡಿಯಾಗಿತ್ತು.

ಅಷ್ಟಾದ ಮೇಲೆ ಆ ಪಂಥದ ಬಗ್ಗೆ ಏನು ಹೇಳಿದರೂ ಜನ ನಂಬುವಂತಾಯಿತು. 1993ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬ್ಯಾಂಜವಾರ್ನ್ ಎಂಬಲ್ಲಿ ಅವರು ಕುರಿ ಸಾಕುವ ದೊಡ್ಡ ಜಮೀನು ಕೊಂಡಿದ್ದರು. ಅದೇ ವರ್ಷ ಮೇ 28ರ ರಾತ್ರಿ ಆ ಸೀಮೆಯಲ್ಲಿ ನೆಲ ನಡುಗಿದ್ದು ದಾಖಲಾಗಿತ್ತು. ಹಾಗಾದರೆ ಅಣುಬಾಂಬು! ಭೂಕಂಪ ತಜ್ಞರು ದಾಖಲೆ ನೋಡಿ ಅಣುಸ್ಫೋಟದ ಲಕ್ಷಣವಿಲ್ಲ ಎಂದರು. ಉಲ್ಕೆಯೋ ಸಣ್ಣ ಭೂಕಂಪವೋ ಆಗಿರಬಹುದು. ಅದೇ ಜಮೀನಿನಲ್ಲಿ ಕುರಿಗಳ ಮೇಲೆ ಸರಿನ್ ಪ್ರಯೋಗಿಸಿದ ಕುರುಹು ಮಾತ್ರ ನಿಜಕ್ಕೂ ಸಿಕ್ಕಿತು. ಬಾಂಬಿನ ಮಾತನ್ನು ಇಂದಿಗೂ ಹೇಳುವವರಿದ್ದಾರೆ, ಕುರಿಗಳ ಸುದ್ದಿ ಯಾರಿಗೂ ಬೇಡ. ಪಂಥ ಕೆಟ್ಟದ್ದೆಂದ ಮಾತ್ರಕ್ಕೆ ಅದರ ತಲೆಗೆ ಕಟ್ಟಿದ್ದೆಲ್ಲ ನಿಜವಾಗುತ್ತದೆಯೇ? ಅಂದಹಾಗೆ, ಅಮೆರಿಕದವರು ಓಂ ಪಂಥದ ಮೇಲೆಯೇ ವಿಷಾನಿಲ ಬಿಡುತ್ತಿದ್ದಾರೆ ಎಂದು ಆ ಪಂಥದವರೂ ತಮ್ಮವರಿಗೆ ಹೇಳಿಕೊಡುತ್ತಿದ್ದರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಮ್ಮೂರಿನವರ ಮರುಪ್ರಶ್ನೆ ಸಿದ್ಧವಿರುತ್ತದೆ. "ಪಡ್ರೆಯ ಮಾತನ್ನೂ ಮೊದಲು ಯಾರೂ ನಂಬಲಿಲ್ಲವಲ್ಲ?" ಬಲವಾದ ಪ್ರಶ್ನೆ. ಇಲ್ಲೇ ಎಣ್ಮಕಜೆಯ ಪಡ್ರೆ ಹಳ್ಳಿಯ ಸುತ್ತಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಆ ವರ್ಷಗಳಲ್ಲಿ, ಮಕ್ಕಳ ಕಾಯಿಲೆಯನ್ನು ದೈವದ ಮುನಿಸು ಎಂದುಕೊಂಡವರೂ ಇದ್ದರು, ವಿಷದ ಮಾತೆತ್ತಿದವರನ್ನು ಹಗುರವಾಗಿ ಕಂಡವರೂ ಇದ್ದರು. ಆದರೆ ಆ ಮಾತೆತ್ತಿದವರು ವಿಷದ ಹೆಸರು ಹೇಳಿದರು, ಸಿಂಪಡಿಸುತ್ತಿದ್ದವರು ಯಾರೆಂದು ಹೇಳಿದರು, ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ತೋರಿಸಿದರು. 2001ರಲ್ಲಿ ಪಡ್ರೆಯ ನೀರು, ಮಣ್ಣು, ಜನರ ರಕ್ತ ದೆಹಲಿಯ ಪ್ರಯೋಗಾಲಯಕ್ಕೆ ಹೋದವು. ಆ ವರದಿಯನ್ನು ಒಪ್ಪದವರೂ ಎಣ್ಮಕಜೆಯ ಗುಡ್ಡ ಹತ್ತಿ ಬಂದು ತಾವೇ ನೋಡಬಹುದಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನು ದೇಶದಲ್ಲೇ ನಿಲ್ಲಿಸಿತು. ಮೊಬೈಲಿನ ನೆಲಮಾಳಿಗೆ ಯಾವ ಊರಿನಲ್ಲಿದೆ ಎಂದು ಕೇಳಿದರೆ, ಅದನ್ನೇ ಮುಚ್ಚಿಟ್ಟಿದ್ದಾರೆ ಮಾಸ್ಟ್ರೇ, ಎನ್ನುತ್ತಾರೆ.