ಸ್ಟೇಷನ್ ಪಕ್ಕದ ಆ ಡೆಡ್‌ಎಂಡ್ ಲೈನು: ಪಿ.ವೇ ಯಾರ್ಡ್ ಮಾಡೆಲ್ ಮಾಡೋರಿಗೆ

ರೈಲ್ವೆ ಮಾಡೆಲ್ ಮಾಡೋ ನಮ್ಮೋರು ಇಂಜಿನ್ನು, ಕೋಚು, ಪ್ಲಾಟ್‌ಫಾರ್ಮು ಎಲ್ಲಾ ಮುತುವರ್ಜಿಯಿಂದ ಮಾಡಿ, ಕೊನೆಗೆ ಲೇಔಟ್ ಮೂಲೇಲಿ ಜಾಗ ಉಳೀತು ಅಂತ ಒಂದಿಷ್ಟು ತುಂಡು ಹಳಿ, ನಾಲ್ಕು ಸ್ಲೀಪರ್ (ಹಳಿ ಕೆಳಗಿನ ಅಡ್ಡ ತೊಲೆ) ಚೆಲ್ಲಾಪಿಲ್ಲಿ ಹಾಕಿ, ತುಕ್ಕು ಬಣ್ಣ ಬಳಿದು "ಇದು ಇಂಜಿನಿಯರಿಂಗ್ ಯಾರ್ಡು" ಅಂದ್ಬಿಡ್ತಾರೆ. ನಂಗೆ ಇದು ಕಿರಿಕಿರಿ. ಅದೇನು ಗುಜರಿ ಅಂಗಡಿ ಅಲ್ಲ ರೀ, ಪಿ.ವೇ ಯಾರ್ಡು, ಅಂದ್ರೆ ಪರ್ಮನೆಂಟ್ ವೇ, ಹಳಿ ಕೆಲಸದ ಸಾಮಾನು, ಮೆಷಿನ್ನು ಇಡೋ ಜಾಗ. ಅಲ್ಲಿರೋ ಪ್ರತಿ ಹಳಿಗೂ ಪ್ರತಿ ಸ್ಲೀಪರ್‌ಗೂ ಪಿಡಬ್ಲ್ಯೂಐ, ಅಂದ್ರೆ ಹಳಿ ನೋಡ್ಕೊಳ್ಳೋ ಇನ್ಸ್‌ಪೆಕ್ಟರ್, ಲೆಕ್ಕ ಕೊಡ್ಬೇಕು (ಈಗ ಎಸ್‌ಎಸ್‌ಇ ಪಿ.ವೇ ಅಂತ ಹೆಸರು ಬದಲಾಗಿದೆ, ಗ್ಯಾಂಗಿನೋರ ಬಾಯಲ್ಲಿ ಇನ್ನೂ ಪಿಡಬ್ಲ್ಯೂಐ ಸಾಹೇಬ್ರೇ), ಹಂಗಾಗಿ ಎಲ್ಲಾ ಎಣಿಸೋಕೆ ಬರೋ ಹಾಗೆ ಸಾಲಾಗಿ ಪೇರಿಸಿಟ್ಟಿರ್ತಾರೆ. ಈ ಒಂದು ವಿಷಯ ತಲೇಲಿ ಇಟ್ಕೊಂಡ್ರೆ ಗುರುತಿಸೋದೂ ಸುಲಭ, ಮಾಡೆಲ್ ಮಾಡೋದೂ ಸುಲಭ.

ಮೊದಲು ಗುರುತಿಸೋದು. ಯಾರ್ಡ್ ಒಳಗೆ ನುಗ್ಗೋ ಕೆಲಸ ಬೇಡ, ಟ್ರೈನ್ ಕಿಟಕಿ ಮತ್ತೆ ಸ್ಯಾಟಲೈಟ್ ಮ್ಯಾಪ್ ಸಾಕು. ಸ್ಟೇಷನ್‌ನ ಒಂದು ತುದೀಲಿ ಡೆಡ್‌ಎಂಡ್ ಲೈನು, ಅದರ ಮೇಲೆ ಹಳದಿ ಬಣ್ಣದ್ದು ಏನೋ ಉದ್ದಕ್ಕೆ ನಿಂತಿದ್ರೆ ಅದು ಮೆಷಿನ್ ಸೈಡಿಂಗು, ಹಳಿ ರಿಪೇರಿ ಮೆಷಿನ್ ನಿಲ್ಲಿಸೋ ಪಕ್ಕದ ಲೈನು. ಹೆಚ್ಚಾಗಿ ಪ್ಲಾಸರ್ ಕಂಪನಿ ಮೆಷಿನ್ನುಗಳೇ ಇರ್ತವೆ, ಅವ್ರದ್ದು ಫರೀದಾಬಾದಲ್ಲಿ ಫ್ಯಾಕ್ಟರಿ ಇದೆ. ಸಿಎಸ್‌ಎಂ ಅನ್ನೋ ಟ್ಯಾಂಪಿಂಗ್ ಮೆಷಿನ್ (ನಂಬರು 09-32) ಒಂದು ಸಲಕ್ಕೆ ಎರಡು ಸ್ಲೀಪರ್ ಕೆಳಗೆ ಜಲ್ಲಿ ಬಿಗಿ ಮಾಡ್ತಾ ಹೋಗತ್ತೆ, 09-3ಎಕ್ಸ್ ಆದ್ರೆ ಮೂರು. ಪಾಯಿಂಟ್ಸ್ (ಲೈನು ಕವಲೊಡೆಯೋ ಜಾಗ) ಮೇಲೆ ಕೆಲಸ ಮಾಡೋಕೆ ಯುನಿಮ್ಯಾಟ್, ಜಲ್ಲಿ ಅಗೆದು ಜರಡಿ ಹಿಡಿಯೋಕೆ ಬಿಸಿಎಂ. ಬ್ಲಾಕ್ (ರೈಲು ಓಡಾಟ ನಿಲ್ಲಿಸಿ ಕೆಲಸಕ್ಕೆ ಲೈನು ಬಿಟ್ಟುಕೊಡೋ ಹೊತ್ತು) ಸಿಕ್ಕಾಗ ಮಾತ್ರ ಇವು ಲೈನಿಗೆ ಇಳಿಯೋದು, ಮಿಕ್ಕ ಹೊತ್ತೆಲ್ಲ ಸೈಡಿಂಗಲ್ಲೇ, ಅದಕ್ಕೇ ಇವು ನಮ್ಮ ಕಣ್ಣಿಗೆ ಓಡೋದಕ್ಕಿಂತ ನಿಂತಿರೋದೇ ಜಾಸ್ತಿ ಬೀಳೋದು. ಪಕ್ಕದಲ್ಲಿ ಹಳೇ ಕೋಚೊಂದು ನಿಂತಿರತ್ತೆ ನೋಡಿ, ಅದು ಕ್ಯಾಂಪ್ ಕೋಚು, ಮೆಷಿನ್ ಸಿಬ್ಬಂದಿ ಅದರಲ್ಲೇ ಮಲಗೋದು, ಅಡುಗೆ ಮಾಡ್ಕೊಳ್ಳೋದು. ಹಗ್ಗದ ಮೇಲೆ ಒಣಗಾಕಿರೋ ಲುಂಗಿ ಬನಿಯನ್ನು ಕಂಡ್ರೆ ಡೌಟೇ ಬೇಡ.

ಸ್ಯಾಟಲೈಟ್ ಮ್ಯಾಪಲ್ಲಿ ತಿಳಿ ಬೂದು ಬಣ್ಣದ ಅಚ್ಚುಕಟ್ಟಾದ ಚೌಕಗಳು ಕಂಡ್ರೆ ಅವು ಕಾಂಕ್ರೀಟ್ ಸ್ಲೀಪರ್ ಅಟ್ಟಿಗಳು. ಉದ್ದುದ್ದ ಬೂದು ದಿಬ್ಬ, ಮೇಲೆ ಚಪ್ಪಟೆ, ಪಕ್ಕ ಇಳಿಜಾರು, ಅಂದ್ರೆ ಜಲ್ಲಿ ಡಿಪೋ. ಕಾಂಟ್ರಾಕ್ಟರ್‌ಗೆ ಬಿಲ್ ಆಗೋದು ಘನ ಮೀಟರ್ ಲೆಕ್ಕದಲ್ಲಿ, ಉದ್ದ ಅಗಲ ಎತ್ತರ ಟೇಪ್ ಹಿಡಿದು ಅಳೀಬೇಕು, ಗುಡ್ಡೆ ಸುರಿದ್ರೆ ಅಳೆಯೋದು ಹೆಂಗೆ? ಮಾಡೆಲಲ್ಲಿ ಜಲ್ಲಿನ ಚೂಪು ಗುಡ್ಡೆ ಮಾಡೋರು ಇದನ್ನ ದಯವಿಟ್ಟು ಗಮನಿಸಿ.

ನಂಗೆ ಎಲ್ಲಕ್ಕಿಂತ ಇಷ್ಟ ಪಿಕ್ಯೂಆರ್‌ಎಸ್ ಬೇಸ್ ಡಿಪೋ (ಪ್ಲಾಸರ್ ಕ್ವಿಕ್ ರಿಲೇಯಿಂಗ್ ಸಿಸ್ಟಮ್, ಹಳೇ ಲೈನು ತೆಗೆದು ಹೊಸದನ್ನ ಬೇಗ ಹಾಕೋ ವ್ಯವಸ್ಥೆ). ಇಲ್ಲಿ ಸ್ಲೀಪರ್‌ಗಳಿಗೆ ಹಳಿ ಕೂರಿಸಿ ರೆಡಿಮೇಡ್ ಪ್ಯಾನೆಲ್ ಕಟ್ಟಿ, ಪೋರ್ಟಲ್ ಕ್ರೇನಲ್ಲಿ ಎತ್ತಿ ಬಿಎಫ್‌ಆರ್ ಅನ್ನೋ ಚಪ್ಪಟೆ ವ್ಯಾಗನ್ ಮೇಲೆ ಹೇರಿ ಸೈಟಿಗೆ ಕಳಿಸ್ತಾರೆ. ಆ ಕ್ರೇನ್ ಓಡೋಕೆ ಮಾಮೂಲಿ ಲೈನಿನ ಎರಡೂ ಪಕ್ಕ ಒಂದೊಂದು ಹಳಿ ಇರತ್ತೆ, ಅವೆರಡರ ನಡುವೆ 3400 ಮಿ.ಮೀ. ಮೇಲಿಂದ ನೋಡಿದ್ರೆ ಬ್ರಾಡ್‌ಗೇಜ್ ಲೈನು ಇನ್ನೊಂದು ದೊಡ್ಡ ಲೈನಿನ ಹೊಟ್ಟೆ ಒಳಗಿರೋ ಹಂಗೆ ಕಾಣತ್ತೆ, ಒಂದ್ಸಲ ಕಣ್ಣು ಪಳಗಿದ್ರೆ ಆಮೇಲೆ ತಪ್ಪೋದೇ ಇಲ್ಲ.

ಈಗ ಎಚ್‌ಒ ಸ್ಕೇಲಿನ ಲೆಕ್ಕಕ್ಕೆ ಬರೋಣ, 1:87, ಅಂದ್ರೆ ನಿಜದ್ದರ 87ರಲ್ಲಿ ಒಂದು ಪಾಲು. ಇವತ್ತು ಭಿಲಾಯಿಯಿಂದ ಹಳಿ 260 ಮೀಟರ್ ಉದ್ದಕ್ಕೆ ಬೆಸೆದ ಪ್ಯಾನೆಲ್ ಆಗಿ ಬರತ್ತೆ, ಸ್ಕೇಲಿಗೆ ಹಾಕಿದ್ರೆ ಹತ್ತಿರ ಹತ್ತಿರ 3 ಮೀಟರ್, ಯಾರ ಮನೇಲಿ ಇದೆ ಅಷ್ಟು ಜಾಗ! 13 ಮೀಟರ್ ಹಳಿ ಆದ್ರೆ ಬರೀ 15 ಸೆಂ.ಮೀ. ಅದಕ್ಕೇ ಶೆಲ್ಫ್ ಲೇಔಟಿಗೆ 13 ಮೀಟರ್ ಹಳಿ ಪೇರಿಸಿರೋ ಪಿ.ವೇ ಸ್ಟೋರು, ಇಲ್ಲಾ ಪಿಕ್ಯೂಆರ್‌ಎಸ್ ಡಿಪೋನೇ ಸರಿ ಅನ್ನೋದು ನನ್ನ ಅಭಿಪ್ರಾಯ. ಪೋರ್ಟಲ್ ಹಳಿಗಳ ಅಂತರ 39 ಮಿ.ಮೀ. ಬರತ್ತೆ. ನಮ್ಮ ಬ್ರಾಡ್‌ಗೇಜು 1676 ಮಿ.ಮೀ. ಆಗಿರೋದ್ರಿಂದ ನಿಜಕ್ಕೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬೇಕು, ಅಂಗಡೀಲಿ ಸಿಗೋ ಟ್ರ್ಯಾಕು 16.5, ಅಲ್ಲಿ ರಾಜಿ ಆಗ್ಲೇಬೇಕು. ಆದ್ರೆ ಪೇರಿಸಿಟ್ಟ ಸ್ಲೀಪರ್ ವಿಷಯದಲ್ಲಿ ರಾಜಿ ಬೇಕಿಲ್ಲ, 2750 ಮಿ.ಮೀ. ಉದ್ದದ್ದು 31.6 ಆಗತ್ತೆ, ಸನ್‌ಬೋರ್ಡ್ ಪಟ್ಟಿ ಕತ್ತರಿಸಿ ಸಾಲು ಸಾಲಿನ ಮಧ್ಯೆ ತೆಳ್ಳನೆ ಮರದ ರೀಪಿನ ಹಾಗೆ ಕಡ್ಡಿ ಇಟ್ಟು ಅಟ್ಟಿ ಕಟ್ಟಿ. ಹೊಸ ಸ್ಲೀಪರ್ ತಿಳಿ ಬೂದು, ಲೈನಿಂದ ಕಿತ್ತು ತಂದಿದ್ದಾದ್ರೆ ಹಳಿ ಕೂರೋ ಜಾಗದಲ್ಲಿ ತುಕ್ಕಿನ ಕಲೆ. ಎರಡನ್ನೂ ಬೇರೆ ಬೇರೆ ಅಟ್ಟಿ ಮಾಡಿ, ಬೆರೆಸ್ಬೇಡಿ, ಸ್ಟಾಕ್ ಬುಕ್ಕಲ್ಲಿ ಅವು ಬೇರೆ ಬೇರೆನೇ.

ಜಲ್ಲಿಗೆ ದುಡ್ಡು ಕೊಟ್ಟು ಇಂಪೋರ್ಟೆಡ್ ಪ್ಯಾಕೆಟ್ ತರ್ಸೋದು ದಂಡ. ನಮ್ ಕಡೆ ಮನೆ ಕಟ್ಟೋ ಕಡೆಯೆಲ್ಲ ಬಿದ್ದಿರೋ ಎಂ ಸ್ಯಾಂಡ್ ಅದೇ ಗ್ರಾನೈಟ್ ಪುಡಿ, ತೊಳೆದು ಸಣ್ಣ ಜರಡೀಲಿ ಹಿಡಿದು ಮುಕ್ಕಾಲು ಮಿ.ಮೀ.ಗಿಂತ ದಪ್ಪದ್ದು ಬಿಸಾಕಿ (ನಿಜದ ಜಲ್ಲಿ 65 ಮಿ.ಮೀ. ಒಳಗಿನದು, ಲೆಕ್ಕ ಸರಿಹೋಯ್ತು), ಧೂಳೂ ತೆಗೆದುಬಿಡಿ, ಅಂಟಿಸೋಕೆ ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ಸೋಪು. ಇಆರ್‌ಸಿ ಕ್ಲಿಪ್ಪು, ಲೈನರ್ (ಹಳಿನ ಸ್ಲೀಪರಿಗೆ ಬಿಗಿಯೋ ಸಾಮಾನು) ಮೂಟೇಲಿ ಬರೋದು, ಸ್ಟೋರ್ ಬಾಗಿಲ ಹತ್ರ ನಾಲ್ಕು ಗೋಣಿಚೀಲ, ಒಂದು ಪುಶ್ ಟ್ರಾಲಿ, ಗೋಡೆಗೆ ಒರಗಿಸಿದ ಹಾರೆಗಳು, ಅಷ್ಟಿದ್ರೆ ಜಾಗಕ್ಕೆ ಜೀವ ಬರತ್ತೆ. ಮೆಷಿನ್ ಬೇಕಂದ್ರೆ ಜರ್ಮನಿಯ ಕಿಬ್ರಿ ಕಂಪನೀದು ಪ್ಲಾಸರ್ ಕಿಟ್‌ಗಳು ಬಂದಿವೆ, ರೇಟು ಕೇಳಿದ್ಮೇಲೆ ಕ್ಯಾಂಪ್ ಕೋಚ್ ಒಂದೇ ನಿಲ್ಲಿಸಿ "ಮೆಷಿನ್ ಬ್ಲಾಕಿಗೆ ಹೋಗಿದೆ" ಅಂದ್ರೂ ನಡೆಯತ್ತೆ.

ಇನ್ನೊಂದು, ಸೈಡಿಂಗ್ ಮೇನ್ ಲೈನ್ ಕಡೆ ಸೇರೋ ಜಾಗದಲ್ಲಿ ಟ್ರ್ಯಾಪ್ ಪಾಯಿಂಟ್ ಮರೀಬೇಡಿ. ಬ್ರೇಕ್ ಬಿಟ್ಟು ಉರುಳಿದ ಮೆಷಿನ್ನು ಮೇನ್ ಲೈನಿಗೆ ಹೋಗೋ ಬದಲು ಅಲ್ಲೇ ಹಳಿ ತಪ್ಪಿ ನಿಲ್ಲಲಿ ಅಂತ ಅದನ್ನ ಹಾಕಿರ್ತಾರೆ. ನಾನು ಹಾಕಿರೋದು ಬರೀ ಡಮ್ಮಿ, ಅಲ್ಲಾಡಲ್ಲ. ಮನೆಗೆ ಬಂದೋರಲ್ಲಿ ರೈಲ್ವೆಯವರು ಬಿಟ್ರೆ ಬೇರೆ ಯಾರೂ ಇದುವರೆಗೂ ಅದೇನು ಅಂತ ಕೇಳಿಲ್ಲ.